ಮುಂಬಯಿಯ ಹೆಸರು ಹೊತ್ತ ರಕ್ತ

ನಾವು ವಾಸಿಸುವ ಈ ಮುಂಬಯಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಅಚ್ಚಾಗಿರುವುದನ್ನು ನೀವು ಬಲ್ಲಿರಾ? ಅದಕ್ಕೆ ಕಾರಣ ನಮ್ಮ ಬಂದರವೂ ಅಲ್ಲ, ಗಿರಣಿಗಳೂ ಅಲ್ಲ. ಅತಿ ವಿರಳವಾದ ಒಂದು ರಕ್ತದ ಗುಂಪು. ‘ಬಾಂಬೆ ಗುಂಪು’ ಎನಿಸಿಕೊಂಡ ಈ ರಕ್ತದ ವೃತ್ತಾಂತವನ್ನು ಅರಿತರೆ ಆನುವಂಶಿಕತೆ, ರೋಗನಿರೋಧಕ ಶಕ್ತಿ ಎಂಬೆರಡು ವಿಷಯಗಳೂ ಒಟ್ಟಿಗೆ ತಿಳಿದುಬರುತ್ತವೆ.

ತನ್ನದು ಯಾವುದು, ಪರಕೀಯವಾದುದು ಯಾವುದು ಎಂಬುದನ್ನು ನಮ್ಮ ದೇಹವು ಗುರುತಿಸಬಲ್ಲುದು. ರೋಗಾಣುಗಳು ಒಳಹೊಕ್ಕರೆ ಅವುಗಳಿಗೆ ಅಂಟಿಕೊಂಡು ನಾಶಕ್ಕೆ ಗುರಿಪಡಿಸುವ ಪ್ರತಿಕಾಯಗಳು ರಕ್ತದಲ್ಲಿ ಹುಟ್ಟುತ್ತವೆ. ಈ ಕಾವಲು ಇಲ್ಲದಿದ್ದರೆ ಬದುಕೇ ದುಸ್ತರ. ಆದರೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವಾಗ ಇದೇ ಕಾವಲು ಮುಳುವಾಗಬಹುದು. ಇದರ ಗುಟ್ಟನ್ನು 1901ರಲ್ಲಿ ಹೊರಗೆಡಹಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಕೆಂಪು ಕಣಗಳ ಮೇಲೆ ‘ಎ’, ‘ಬಿ’ ಎಂಬ ಗುರುತುಗಳಿರುತ್ತವೆ. ತನ್ನಲ್ಲಿಲ್ಲದ ಗುರುತನ್ನು ಕಂಡೊಡನೆ ದೇಹವು ಆ ಕಣಗಳನ್ನು ಒಡೆದುಹಾಕುತ್ತದೆ. ಈ ಶೋಧಕ್ಕಾಗಿ ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಎರಡೂ ಗುರುತುಗಳಿಲ್ಲದ ‘ಓ’ ರಕ್ತವನ್ನು ಎಲ್ಲ ಗುಂಪಿನವರೂ ಸಹಿಸಬಲ್ಲರೆಂಬ ನಂಬಿಕೆ ಬೆಳೆಯಿತು.

ಆದರೆ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ‘ಓ’ ರಕ್ತವೂ ಹೊಂದದ ಜನರನ್ನು ಕಂಡರು. 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಎ, ಬಿ ಗುರುತುಗಳಿಗೆ ‘ಎಚ್’ ಎಂಬ ಪದಾರ್ಥವೇ ತಳಹದಿ. ‘ಓ’ ಗುಂಪಿನವರಲ್ಲಿಯೂ ಅದು ಹೇರಳವಾಗಿರುತ್ತದೆ. ಬಾಂಬೆ ಗುಂಪಿನವರಲ್ಲಿ ಆ ತಳಹದಿಯೇ ಇಲ್ಲ. ತಳಹದಿಯಿಲ್ಲದೆ ಮಹಡಿ ಏಳುವುದೆಂತು? ಆದುದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ಅವರು ‘ಓ’ ಗುಂಪಿನವರಂತೆಯೇ ತೋರುತ್ತಾರೆ. ಆದರೆ ಅವರ ದೇಹಕ್ಕೆ ‘ಎಚ್’ ಪರಕೀಯ. ‘ಓ’ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ!

ಹೀಗೇಕಾಗುತ್ತದೆ? ‘ಎಚ್’ ತಯಾರಿಸುವ ವಂಶವಾಹಿಯ ಒಂದು ಪ್ರತಿ ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ನಮಗೆ ಬರುತ್ತದೆ. ಒಂದು ಸರಿಯಿದ್ದರೂ ಸಾಕು, ಕೆಲಸ ಸಾಗುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ‘ಎಚ್’ ಹುಟ್ಟುವುದಿಲ್ಲ. ತಾಯಿತಂದೆಗಳಿಬ್ಬರಲ್ಲಿಯೂ ಕೆಟ್ಟ ಪ್ರತಿಯೊಂದು ಅಡಗಿದ್ದರೆ, ಅವರು ಇದನ್ನು ಅರಿಯದೆಯೇ ಇರುತ್ತಾರೆ; ಆದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಈ ಗುಂಪು ಬರುವ ಸಂಭವ ನಾಲ್ಕರಲ್ಲೊಂದು ಪಾಲು. ಸೋದರಿಕೆಯ ಮದುವೆಗಳಲ್ಲಿ ಒಂದೇ ಪೂರ್ವಿಕರಿಂದ ಬಂದ ಕೆಟ್ಟ ಪ್ರತಿಗಳು ಕೂಡುವ ಸಂಭವ ಹೆಚ್ಚು. ಥಲಸೀಮಿಯ ಮೊದಲಾದ ಆನುವಂಶಿಕ ರೋಗಗಳು ಬರುವ ದಾರಿಯೂ ಇದೇ. ಆದರೆ ಬಾಂಬೆ ಗುಂಪು ರೋಗವಲ್ಲ. ಅಂಥವರು ನಮ್ಮಂತೆಯೇ ಆರೋಗ್ಯವಂತರು.

ಇನ್ನೊಂದು ಸಂಗತಿಯನ್ನೂ ನೆನಪಿಡತಕ್ಕುದು. ಬಾಂಬೆ ಗುಂಪಿನ ತಾಯಿಯಲ್ಲಿ ‘ಬಿ’ಯ ವಂಶವಾಹಿ ಪ್ರಕಟವಾಗದೆ ಅಡಗಿರಬಹುದು. ತಂದೆ ‘ಎ’ ಗುಂಪಿನವನಾದರೆ ಮಗು ‘ಎಬಿ’ ಆಗಬಹುದು. ‘ಓ’ ಎಂದು ತೋರುವ ತಾಯಿಗೆ ‘ಎಬಿ’ ಮಗುವೆಂತು ಎಂದು ಅರ್ಧ ತಿಳಿದವರು ಸಂಶಯಪಟ್ಟಾರು. ಅರೆಜ್ಞಾನವು ನಿರಪರಾಧಿಗಳನ್ನು ನೋಯಿಸುವ ಬಗೆ ಇದು.

ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಈ ಗುಂಪಿನವರೆಂದು ಅಂದಾಜು. ಅವರಿಗೆ ರಕ್ತ ಬೇಕಾದಾಗ ಅದೇ ಗುಂಪಿನವರೇ ಕೊಡಬೇಕು. ಆದುದರಿಂದಲೇ ರಕ್ತ ಕೊಡುವ ಮುನ್ನ ದಾನಿಯ ಕಣಗಳನ್ನು ರೋಗಿಯ ರಕ್ತರಸದೊಡನೆ ಬೆರೆಸಿ ನೋಡುವ ಪರೀಕ್ಷೆ ಅತ್ಯವಶ್ಯ. ನಾಳೆ ನಿಮ್ಮಲ್ಲಿ ಕೆಲವರು ದಾದಿಯರಾಗುವಿರಿ, ವೈದ್ಯರಾಗುವಿರಿ; ಅವಸರದಲ್ಲಿಯೂ ಆ ಪರೀಕ್ಷೆಯನ್ನು ಅಲಕ್ಷಿಸದಿರಿ. ಉಳಿದವರು 18 ವರ್ಷ ತುಂಬಿದ ಮೇಲೆ ರಕ್ತದಾನಕ್ಕೆ ಮುಂದೆ ಬನ್ನಿರಿ. ಯಾರ ಬಾಳು ನಿಮ್ಮ ರಕ್ತದ ದಾರಿ ಕಾಯುತ್ತಿದೆಯೋ ಬಲ್ಲವರಾರು?