ಬಾವಿಗಳು ಬತ್ತುವ ಮೇರೆಯೂ ಗ್ರಾಮದ ಕರ್ತವ್ಯವೂ

ಬಾವಿಯ ನೀರು ಕ್ರಮೇಣ ಇಳಿಯುತ್ತಿರುವಾಗ, ಒಂದೆರಡು ಒಳ್ಳೆಯ ಮಳೆಗಳು ಬಂದರೆ ಎಲ್ಲವೂ ಮೊದಲಿನಂತಾಗುವುದೆಂದು ರೈತರು ಭಾವಿಸುವುದು ಸಹಜ. ಕೆಲವು ಕಾಲ ಹಾಗೆಯೇ ನಡೆಯುವುದೂ ಉಂಟು. ಆದರೆ ನೆಲಕ್ಕೂ ಗ್ರಾಮದ ಕಟ್ಟುಪಾಡಿಗೂ ಒಂದೊಂದು ಮೇರೆಯುಂಟು. ಅದನ್ನು ದಾಟಿದ ತರುವಾಯ ಅದೇ ಮಳೆ ಸುರಿದರೂ ಹಿಂದಿನ ಸ್ಥಿತಿ ತಾನಾಗಿ ಮರಳಿ ಬಾರದು. ಕೋಲಾರ ಸೀಮೆಯಲ್ಲಿ ನಡೆದಿರುವುದು ಇದಕ್ಕೆ ತಕ್ಕ ನಿದರ್ಶನವಾಗಿರುವುದರಿಂದ, ಇದರ ಕಾರಣಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಹಿಂದಿನ ಏರ್ಪಾಡು.— ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲಾ ಹರಿಯುವ ನದಿಯಿಲ್ಲ. ಮಳೆಯಾದರೋ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು ಮಾತ್ರ. ಆದಕಾರಣ ಪೂರ್ವಿಕರು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಸೇರುವಂತೆ ಕೆರೆಗಳನ್ನು ಸಾಲುಸಾಲಾಗಿ ಕಟ್ಟಿದರು. ಕೆರೆಯಲ್ಲಿ ನಿಂತ ನೀರು ಅಚ್ಚುಕಟ್ಟಿಗೆ ಹರಿಯುವುದಲ್ಲದೆ, ನೆಲದೊಳಕ್ಕೆ ಇಂಗಿ ತೆರೆದ ಬಾವಿಗಳನ್ನೂ ತುಂಬುತ್ತಿತ್ತು. ತೂಬು ನೋಡಿಕೊಳ್ಳಲು ನೀರುಗಂಟಿಯಿದ್ದನು. ಬೇಸಗೆಯಲ್ಲಿ ಎತ್ತಿದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತಿತ್ತು.

ನೆಲದ ಮೇರೆ.— ಈ ಸೀಮೆಯ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿಕಲ್ಲು. ಅದರ ಮೇಲಣ ಶಿಥಿಲವಾದ ಪದರವೇ ನೀರಿನ ಮುಖ್ಯ ಕಣಜ. ಕೆಳಗಣ ಬಂಡೆಯಲ್ಲಿ ಬಿರುಕುಗಳ ಹೊರತು ನೀರಿಗೆ ಎಡೆಯಿಲ್ಲ. ಮೇಲಿನ ಪದರದಿಂದ ಅದರ ಗಾತ್ರದ ನೂರಕ್ಕೆ 3 ಪಾಲೂ, ಬಂಡೆಯಿಂದ ಸಾವಿರಕ್ಕೆ 3 ಪಾಲೂ ನೀರು ದೊರೆಯುವುದೆಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಇಂಗಿದ್ದಕ್ಕಿಂತ 60 ಮಿಲಿಮೀಟರಿನಷ್ಟು ಹೆಚ್ಚಾಗಿ ನೀರೆತ್ತಿದ ವರ್ಷ ಮೇಲಿನ ಪದರದಲ್ಲಿ ಮಟ್ಟವು 2 ಮೀಟರು ಇಳಿಯುವುದು. ಅಷ್ಟೇ ನೀರನ್ನು ಬಂಡೆಯಿಂದ ಎತ್ತಿದರೆ 20 ಮೀಟರು ಇಳಿಯುವುದು. ಎತ್ತಿದ ನೀರು ಒಂದೇ. ಇಳಿತ ಮಾತ್ರ ಹತ್ತರಷ್ಟು. ಹಲವು ವರ್ಷ ಮೆಲ್ಲಗೆ ಇಳಿದ ಬಾವಿಗಳು ಆಮೇಲೆ ಒಟ್ಟೊಟ್ಟಿಗೆ ಬತ್ತಿಹೋಗುವುದಕ್ಕೆ ಇದೇ ಕಾರಣ. ಈಗ 300 ಮೀಟರಿಗಿಂತಲೂ ಆಳಕ್ಕೆ ಕೊಳವೆ ಬಾವಿ ಕೊರೆಸಿರುವ ಗ್ರಾಮಗಳಿವೆ; ಅನೇಕ ಕಡೆ ಅಂಥ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ.

ಗ್ರಾಮದ ಮೇರೆ.— ಕೊಳವೆ ಬಾವಿಯುಳ್ಳವನಿಗೆ ಕೆರೆಯ ಹಂಗಿಲ್ಲ. ಅಂಥವರು ಕೆಲವರೇ ಇರುವಾಗ ಕೆರೆಯ ಕೆಲಸ ಹೇಗೋ ನಡೆಯುವುದು. ಅನುಕೂಲವುಳ್ಳವರೆಲ್ಲರೂ ಹಾಗಾದರೆ ಕಾಲುವೆ ಸವರುವವರಿಲ್ಲ, ನೀರುಗಂಟಿಗೆ ಕಾಳು ಅಳೆಯುವವರಿಲ್ಲ. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲದು; ನಿಲ್ಲದ ನೀರು ಇಂಗದು; ಇಂಗದಿದ್ದರೆ ಮತ್ತಷ್ಟು ಆಳಕ್ಕೆ ಕೊರೆಯಬೇಕಾಗುವುದು. ಮೊದಲು ಬತ್ತುವುದು ಬಡವನ ತೆರೆದ ಬಾವಿ. ಸಾಲಮಾಡಿ ಕೊರೆಸಿದ ಜಮೀನುದಾರನ ಕೊಳವೆಯೂ ಕಡೆಗೆ ಉಳಿಯದು.

2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನೀರು ನಿಂತ ಕೆರೆಗಳ ಸುತ್ತಿನ ಬಾವಿಗಳಲ್ಲಿ ಮಟ್ಟ ಏರಿರುವುದುಂಟು. ಆದರೆ ಆದಾಯವನ್ನು ನೋಡದೆ ವೆಚ್ಚಮಾಡುವ ರೂಢಿಯನ್ನು ಹೊರಗಿನ ನೀರು ತಿದ್ದಲಾರದು.

ಹಿಂದಿರುಗಿದ ಒಂದು ಗ್ರಾಮ.— ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಾಜಾರಿನಲ್ಲಿ ಮಳೆ ಇನ್ನೂ ಕಡಿಮೆ, ಸುಮಾರು 400 ಮಿಲಿಮೀಟರು. 1972ರ ಕ್ಷಾಮದ ತರುವಾಯ ಅನೇಕರು ಕೂಲಿಗಾಗಿ ಊರು ಬಿಟ್ಟಿದ್ದರು. 1990ರ ಸುಮಾರಿಗೆ ಪೋಪಟರಾವ್ ಪವಾರರು ಗ್ರಾಮದ ಮುಖ್ಯಸ್ಥರಾದ ಮೇಲೆ, ಜನರು ಶ್ರಮದಾನದಿಂದ ಗುಡ್ಡಗಳಲ್ಲಿ ಅಡ್ಡಗುಂಡಿ ತೋಡಿದರು, ಗಿಡ ನೆಟ್ಟರು, ದನಗಳನ್ನು ಅಲ್ಲಿ ಮೇಯಬಿಡುವುದನ್ನು ನಿಲ್ಲಿಸಿದರು. ಇದಕ್ಕಿಂತ ಮುಖ್ಯವಾದದ್ದು, ಕೊಳವೆ ಬಾವಿಯಿಂದ ವ್ಯವಸಾಯ ಮಾಡಕೂಡದು, ಕಬ್ಬು ಬಾಳೆ ಬೆಳೆಯಕೂಡದು ಎಂಬ ಕಟ್ಟುಪಾಡು. ಬಂದ ಮಳೆಯನ್ನು ಅಳೆದು, ಜನಗಳಿಗೂ ದನಗಳಿಗೂ ಮೊದಲು ನೀರು ಮೀಸಲಿಟ್ಟು, ಉಳಿದುದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ನಿಶ್ಚಯಿಸುತ್ತಾರೆ. ಬಾವಿಗಳಲ್ಲಿ ನೀರು ಬಂದಿತು. ಊರು ಬಿಟ್ಟವರಲ್ಲಿ ಅನೇಕರು ಹಿಂದಿರುಗಿದರು. ಅಲ್ಲಿಯ ನೆಲ ಬಸಾಲ್ಟ್ ಕಲ್ಲಿನದು, ಕೋಲಾರದ್ದು ಬೇರೆ; ಆದರೂ ಈ ಕಟ್ಟುಪಾಡಿನ ತತ್ತ್ವವು ಎರಡು ಕಡೆಗೂ ಸಲ್ಲುವುದು.

ಮಾಡತಕ್ಕ ಕೆಲಸಗಳು.—

(1) ಗ್ರಾಮದ ನಾಲ್ಕಾರು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡತಕ್ಕದ್ದು. ನೀರೆತ್ತಿದ ಮೇಲೆ ಬಾವಿ ಮತ್ತೆ ತುಂಬಲು ವರ್ಷೇ ವರ್ಷೇ ಹೆಚ್ಚು ಕಾಲ ಹಿಡಿಯುತ್ತಿದ್ದರೆ, ಅದು ಮೇರೆ ಸಮೀಪಿಸಿದ ಗುರುತಾಗಿರಬಹುದು.

(2) ಮಳೆಗಾಲಕ್ಕೆ ಮುಂಚೆ ರಾಜಕಾಲುವೆ, ತೂಬು, ಕೋಡಿಗಳನ್ನು ಸರಿಪಡಿಸಿ, ಹೂಳನ್ನು ಹೊಲಗಳಿಗೆ ಸಾಗಿಸತಕ್ಕದ್ದು.

(3) ಹಿಂಗಾರಿಗೆ ಮುಂಚೆ ಸಭೆ ಸೇರಿ, ನೀರು ಕಡಿಮೆಯಾದ ವರ್ಷ ಭತ್ತವನ್ನು ಬಿಟ್ಟು ಹುರುಳಿ ಮುಂತಾದ ಕಡಿಮೆ ನೀರಿನ ಬೆಳೆಗಳನ್ನು ಗೊತ್ತುಮಾಡತಕ್ಕದ್ದು.

(4) ಹೊಸ ಕೊಳವೆ ಬಾವಿಯ ವಿಷಯದಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯಿದೆಗೆ ಒಳಪಟ್ಟು ನಡೆಯುವುದಲ್ಲದೆ, ನೆರೆಯ ಬಾವಿಗಳಿಗೆ ಆಗಬಹುದಾದ ಹಾನಿಯನ್ನೂ ಸಭೆಯಲ್ಲಿ ವಿಚಾರಿಸತಕ್ಕದ್ದು.

ಈ ಕಟ್ಟುಪಾಡಿಗೆ ಹೆಚ್ಚು ಜಮೀನುಳ್ಳವರೇ ಮೊದಲು ಒಳಪಟ್ಟರೆ ಉಳಿದವರು ತಾವಾಗಿ ಅನುಸರಿಸುವರು. ಬಾವಿಯಲ್ಲಿ ನೀರಿರುವಾಗ ಇದಕ್ಕೆ ತಗಲುವುದು ಕೆಲವು ದಿನಗಳ ದುಡಿಮೆ ಮತ್ತು ಒಂದು ಬೆಳೆಯ ತ್ಯಾಗ; ನೀರು ಬಂಡೆಗೆ ಇಳಿದ ಮೇಲಾದರೆ ಒಂದು ತಲೆಮಾರಿನ ಶ್ರಮವೇ ಬೇಕಾದೀತು.