ಕಂಪ್ಯೂಟರ್ ರೇಸಿಂಗ್‌ಗೆ ಸ್ಟೀರಿಂಗ್: ಚಕ್ರದಷ್ಟೇ ಬ್ರೇಕ್ ಕೂಡ ಮುಖ್ಯ

ಕೀಲಿಮಣೆಯ ಬಾಣದ ಗುರುತಿನ ನಾಲ್ಕು ಕೀಲಿಗಳನ್ನು ಒತ್ತುತ್ತಲೇ ಕಂಪ್ಯೂಟರ್ ಪರದೆಯ ಮೇಲೆ ಕಾರು ಓಡಿಸಿ ಬೆಳೆದ ಪೀಳಿಗೆಯೊಂದಿದೆ. 'ನೀಡ್ ಫಾರ್ ಸ್ಪೀಡ್' ಸರಣಿಯಂತಹ ಆಟಗಳಿಗೆ ಅಷ್ಟೇ ಸಾಕಾಗಿತ್ತು. ಆದರೆ ನಿಜವಾದ ವಾಹನದ ಚಲನೆಯನ್ನೇ ಅನುಕರಿಸುವ 'ಅಸೆಟ್ಟೊ ಕೋರ್ಸಾ', 'ಐರೇಸಿಂಗ್', 'ಆರ್‌ಫ್ಯಾಕ್ಟರ್' ಮುಂತಾದ ಆಟಗಳಲ್ಲಿ ಕೀಲಿಮಣೆ ಕೈಕೊಡುತ್ತದೆ. ಕೀಲಿಗೆ ಗೊತ್ತಿರುವುದು ಎರಡೇ ಸ್ಥಿತಿ. ಒತ್ತಿದ್ದು ಮತ್ತು ಬಿಟ್ಟದ್ದು. ತಿರುವಿನಲ್ಲಿ ಕಾರಿಗೆ ಬೇಕಾದದ್ದು ಇವೆರಡರ ನಡುವಿನ ನೂರಾರು ಹಂತಗಳು. ಸ್ಟೀರಿಂಗ್ ಚಕ್ರ ಕೊಳ್ಳುವ ಯೋಚನೆ ಹುಟ್ಟುವುದು ಇಲ್ಲಿಯೇ.

ಯೋಚನೆ ಹುಟ್ಟಿದ ನಂತರ ಗೊಂದಲವೂ ಆರಂಭವಾಗುತ್ತದೆ. ಮಾರುಕಟ್ಟೆಯಲ್ಲಿ ಕೆಲವೇ ಸಾವಿರ ರೂಪಾಯಿಯ ಪ್ಲಾಸ್ಟಿಕ್ ಚಕ್ರದಿಂದ ಹಿಡಿದು ಲಕ್ಷ ರೂಪಾಯಿ ಮೀರುವ ಸಲಕರಣೆಗಳವರೆಗೆ ಎಲ್ಲವೂ ಉಂಟು. ಕೊಳ್ಳುವವರ ಕಣ್ಣು ಮೊದಲು ಬೀಳುವುದು ಚಕ್ರದ ಅಂದ, ಚರ್ಮದ ಹೊದಿಕೆ ಹಾಗೂ ಗುಂಡಿಗಳ ಸಂಖ್ಯೆಯ ಮೇಲೆ. ಆದರೆ ಆಟದ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳು ಬೇರೆಯೇ ಇವೆ: ಚಕ್ರದ ಹಿಂದೆ ಅಡಗಿರುವ ಮೋಟಾರು, ಕಾಲಡಿಯ ಬ್ರೇಕ್ ಪೆಡಲ್ ಮತ್ತು ಇವೆರಡನ್ನೂ ಅಲುಗದಂತೆ ಹಿಡಿದಿಡುವ ಮೇಜು.

ಕೈಗೆ ತಲುಪುವ ಸುದ್ದಿ

ಸ್ಟೀರಿಂಗ್‌ಗಳಲ್ಲಿ ಮುಖ್ಯವಾಗಿ ಎರಡು ವರ್ಗಗಳಿವೆ. ಮೊದಲನೆಯ ವರ್ಗದ ಚಕ್ರಗಳನ್ನು ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ ಮಧ್ಯಕ್ಕೆ ಎಳೆದು ತರುತ್ತದೆ. ಡಿಕ್ಕಿ ಹೊಡೆದಾಗ ಮೊಬೈಲ್ ಫೋನಿನಂತೆ ಕಂಪಿಸುವುದಷ್ಟೇ ಇವುಗಳ ಹೆಚ್ಚುಗಾರಿಕೆ. ಇಂತಹ ಹಲವು ಚಕ್ರಗಳನ್ನು ಕಂಪ್ಯೂಟರ್ ಸಾಮಾನ್ಯ ಗೇಮ್‌ಪ್ಯಾಡ್ ಎಂದೇ ಗುರುತಿಸುತ್ತದೆ. ಎರಡನೆಯ ವರ್ಗ 'ಫೋರ್ಸ್ ಫೀಡ್‌ಬ್ಯಾಕ್' ಉಳ್ಳದ್ದು. ಇಲ್ಲಿ ಚಕ್ರದ ದಂಡಕ್ಕೆ ಮೋಟಾರು ಜೋಡಿಸಿರುತ್ತದೆ. ಆಟದ ತಂತ್ರಾಂಶ ಆ ಮೋಟಾರಿನ ಮೂಲಕ ಚಕ್ರವನ್ನು ಎಡಕ್ಕೂ ಬಲಕ್ಕೂ ನಿಜವಾಗಿಯೇ ತಿರುಗಿಸಬಲ್ಲದು. 'ಕಂಪನ' ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಫೋರ್ಸ್ ಫೀಡ್‌ಬ್ಯಾಕ್ ಅಲ್ಲ ಎಂಬುದನ್ನು ಗಮನಿಸಬೇಕು.

ಈ ವ್ಯತ್ಯಾಸ ಏಕೆ ಮಹತ್ವದ್ದು? ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸಿದಾಗ ಟೈರುಗಳು ಮತ್ತೆ ನೇರವಾಗಲು ಹವಣಿಸುತ್ತವೆ. ಆ ಸೆಳೆತ ಚಾಲಕನ ಕೈಗೆ ಭಾರವಾಗಿ ತಿಳಿಯುತ್ತದೆ. ಟೈರಿನ ಹಿಡಿತ ತನ್ನ ಮಿತಿಯನ್ನು ಸಮೀಪಿಸಿದಂತೆ ಈ ಭಾರ ಹೆಚ್ಚುವ ಬದಲು ಕುಸಿಯತೊಡಗುತ್ತದೆ. ಮಳೆಗಾಲದಲ್ಲಿ ಘಟ್ಟದ ತಿರುವುಗಳಲ್ಲಿ ವಾಹನ ಓಡಿಸಿದವರಿಗೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದ ಅನುಭವ ಇದ್ದೀತು. ಉತ್ತಮ ರೇಸಿಂಗ್ ಆಟ ಈ ಬಲವನ್ನೇ ಲೆಕ್ಕಹಾಕಿ ಮೋಟಾರಿಗೆ ಕಳಿಸುತ್ತದೆ. ಮುಂದಿನ ಚಕ್ರ ಜಾರುತ್ತಿದೆ ಎಂಬ ಸುದ್ದಿ ಕಣ್ಣಿಗಿಂತ ಮೊದಲು ಕೈಗೆ ತಲುಪುತ್ತದೆ. ಹಿಂದಿನ ಚಕ್ರಗಳು ಜಾರಿದರಂತೂ ಸ್ಟೀರಿಂಗ್ ತಾನಾಗಿಯೇ ಜಾರಿದ ದಿಕ್ಕಿಗೆ ತಿರುಗಲು ಯತ್ನಿಸುತ್ತದೆ. ಸ್ಪ್ರಿಂಗ್ ಚಕ್ರದಲ್ಲಿ ಈ ಯಾವ ಸುದ್ದಿಯೂ ಇಲ್ಲ. ಕಾರು ಎಲ್ಲಿದ್ದರೂ ಅದೇ ಎಳೆತ. ನೈಜ ಮಾದರಿಯ ಆಟಗಳನ್ನು ಆಡುವವರು ಫೋರ್ಸ್ ಫೀಡ್‌ಬ್ಯಾಕ್ ಇಲ್ಲದ ಚಕ್ರ ಕೊಳ್ಳುವುದಕ್ಕಿಂತ ಒಳ್ಳೆಯ ಗೇಮ್‌ಪ್ಯಾಡ್ ಕೊಳ್ಳುವುದೇ ಮೇಲು.

ಗೇರ್, ಬೆಲ್ಟ್, ನೇರ ಚಾಲನೆ

ಮೋಟಾರಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ವಿಧಾನಗಳು ಮೂರು. ಲಾಜಿಟೆಕ್ ಕಂಪನಿಯು 2006ರಲ್ಲಿ ಬಿಡುಗಡೆ ಮಾಡಿದ ಜಿ25, 2015ರ ಜಿ29 ಮತ್ತು ಜಿ920, 2020ರ ಜಿ923 ಇವೆಲ್ಲವೂ ಹಲ್ಲಿನ ಗೇರ್ ಬಳಸುವ ಮಾದರಿಗಳು. ಇವು ಗಟ್ಟಿಮುಟ್ಟು, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲೂ ಇವುಗಳಿಗೆ ಬೇಡಿಕೆಯಿದೆ. ಆದರೆ ಹಲ್ಲುಗಳ ಸದ್ದು ಮತ್ತು ಸಣ್ಣ ತಡೆ ಕೈಗೆ ಗೊತ್ತಾಗುತ್ತದೆ. ರಾತ್ರಿ ವೇಳೆ ಪಕ್ಕದ ಕೋಣೆಯವರಿಗೂ ಈ ಸದ್ದು ಕೇಳಿಸೀತು.

ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ300 ಬೆಲ್ಟ್ ಮೂಲಕ ನಡೆಯುವ ಮಾದರಿ. ಚಲನೆ ನಯವಾಗಿದ್ದು ಸದ್ದು ಕಡಿಮೆ. ಅದೇ ಕಂಪನಿಯ ಟಿ150 ಮತ್ತು 2021ರ ಟಿ248 ಮಾದರಿಗಳಲ್ಲಿ ಬೆಲ್ಟ್ ಮತ್ತು ಗೇರ್ ಎರಡೂ ಇವೆ.

ಮೂರನೆಯದು ನೇರ ಚಾಲನೆ, ಅಂದರೆ 'ಡೈರೆಕ್ಟ್ ಡ್ರೈವ್'. ಇಲ್ಲಿ ಮಧ್ಯವರ್ತಿಯೇ ಇಲ್ಲ. ಮೋಟಾರಿನ ದಂಡಕ್ಕೇ ಚಕ್ರ ಕೂರುತ್ತದೆ. ರಸ್ತೆಯ ಸಣ್ಣ ಉಬ್ಬು ಕೂಡ ಮಸುಕಾಗದೆ ಕೈಗೆ ಬರುತ್ತದೆ. ಹಿಂದೆ ಇದು ಸಾಮಾನ್ಯರ ಕೈಗೆಟುಕದ ಸರಕಾಗಿತ್ತು. 2021ರಲ್ಲಿ ಫ್ಯಾನಟೆಕ್ ಸಂಸ್ಥೆ ಸಿಎಸ್‌ಎಲ್ ಡಿಡಿ ಮಾದರಿಯನ್ನು ಪ್ರಕಟಿಸಿದ ಬಳಿಕ ಹಾಗೂ ಮೋಜಾ ಕಂಪನಿಯ ಆರ್5ನಂತಹ ಮಾದರಿಗಳು ಬಂದ ಬಳಿಕ ಮಧ್ಯಮ ವರ್ಗದ ಆಟಗಾರರೂ ಈ ಬಗ್ಗೆ ಯೋಚಿಸುವಂತಾಗಿದೆ.

ನ್ಯೂಟನ್ ಮೀಟರ್ ಎಂದರೇನು?

ಜಾಹೀರಾತುಗಳಲ್ಲಿ ಮೋಟಾರಿನ ಶಕ್ತಿಯನ್ನು ನ್ಯೂಟನ್ ಮೀಟರ್‌ಗಳಲ್ಲಿ ಹೇಳುತ್ತಾರೆ. ಇದು ತಿರುಗಿಸುವ ಬಲದ ಅಳತೆ. 30 ಸೆಂಟಿಮೀಟರ್ ವ್ಯಾಸದ ಚಕ್ರವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 2 ನ್ಯೂಟನ್ ಮೀಟರ್ ಬಲವನ್ನು ತಡೆದು ನಿಲ್ಲಿಸಲು ಚಕ್ರದ ಅಂಚಿನಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಕ ಎತ್ತುವಷ್ಟು ಶ್ರಮ ಬೇಕು. 5 ನ್ಯೂಟನ್ ಮೀಟರ್ ಆದರೆ ಸುಮಾರು ಮೂರೂವರೆ ಕಿಲೋ, 8 ಆದರೆ ಸುಮಾರು ಐದೂವರೆ ಕಿಲೋ. ಜಿ29 ವರ್ಗದ ಚಕ್ರಗಳು 2ರ ಆಸುಪಾಸಿನಲ್ಲಿವೆ. ಸಿಎಸ್‌ಎಲ್ ಡಿಡಿ ಮಾದರಿಯು ಸಾಮಾನ್ಯ ವಿದ್ಯುತ್ ಅಡಾಪ್ಟರ್‌ನೊಂದಿಗೆ 5, ಹೆಚ್ಚಿನ ಶಕ್ತಿಯ ಅಡಾಪ್ಟರ್‌ನೊಂದಿಗೆ 8 ನ್ಯೂಟನ್ ಮೀಟರ್ ನೀಡುತ್ತದೆ. ಮೋಜಾ ಆರ್5ರ ಬಲ 5.5.

ಬಲ ಹೆಚ್ಚಾದಷ್ಟೂ ಆಟಗಾರ ವೇಗಿಯಾಗುತ್ತಾನೆ ಎಂದೇನಿಲ್ಲ. ಹೆಚ್ಚು ಬಲದ ನಿಜವಾದ ಉಪಯೋಗ ಬೇರೆ. ಮೋಟಾರಿನ ಶಕ್ತಿ ಕಡಿಮೆ ಇದ್ದು ಆಟ ಅದಕ್ಕಿಂತ ಹೆಚ್ಚಿನ ಬಲ ಕೇಳಿದಾಗ, ಮೋಟಾರು ತನ್ನ ಗರಿಷ್ಠ ಮಿತಿಯಲ್ಲೇ ನಿಂತುಬಿಡುತ್ತದೆ. ಆಗ ದೊಡ್ಡ ಬಲಕ್ಕೂ ಅತಿ ದೊಡ್ಡ ಬಲಕ್ಕೂ ವ್ಯತ್ಯಾಸವೇ ತಿಳಿಯದು. ಇದನ್ನು 'ಕ್ಲಿಪ್ಪಿಂಗ್' ಎನ್ನುತ್ತಾರೆ. ಸಣ್ಣ ಚಕ್ರ ಉಳ್ಳವರು ಆಟದ ಆಯ್ಕೆಗಳಲ್ಲಿ ಬಲದ ಪ್ರಮಾಣವನ್ನು ತಗ್ಗಿಸಿದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಇದಕ್ಕೆ ಹಣ ಖರ್ಚಿಲ್ಲ.

ಚಕ್ರ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದನ್ನೂ ನೋಡಬೇಕು. ಅಗ್ಗದ ಚಕ್ರಗಳು 180 ಅಥವಾ 270 ಡಿಗ್ರಿಗೆ ನಿಲ್ಲುತ್ತವೆ. ಜಿ29, ಟಿ248 ಮಾದರಿಗಳು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತವೆ. ಟಿ300 ಮೂರು ಸುತ್ತು, 1080 ಡಿಗ್ರಿ. ರಸ್ತೆಯ ಕಾರು ಅಥವಾ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಆಟದ ಲಾರಿ ಓಡಿಸಲು 900 ಡಿಗ್ರಿ ಬೇಕೇ ಬೇಕು. ಫಾರ್ಮುಲಾ ರೇಸಿಂಗ್ ಕಾರಿಗೆ ಅಷ್ಟು ಬೇಕಿಲ್ಲ. ತಂತ್ರಾಂಶದಲ್ಲಿ ಕಡಿಮೆ ಮಾಡಿಕೊಳ್ಳಬಹುದು.

ಕಾಲಡಿಯ ಕಥೆ

ಕೊಳ್ಳುವವರು ಅತಿ ಕಡಿಮೆ ಗಮನ ಕೊಡುವ, ಆದರೆ ಸುತ್ತಿನ ಸಮಯವನ್ನು ಅತಿ ಹೆಚ್ಚು ಬದಲಿಸುವ ಭಾಗ ಬ್ರೇಕ್. ರೇಸಿನಲ್ಲಿ ವೇಗ ಹೆಚ್ಚಿಸುವುದು ಸುಲಭ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ, ಅದೇ ಪ್ರಮಾಣದಲ್ಲಿ ಬ್ರೇಕ್ ಒತ್ತಿ, ತಿರುವಿಗೆ ಇಳಿಯುತ್ತಿದ್ದಂತೆ ನಿಧಾನವಾಗಿ ಸಡಿಲಿಸುವುದು ಕಷ್ಟ. ಎಬಿಎಸ್ ಇಲ್ಲದ ರೇಸ್ ಕಾರಿನಲ್ಲಿ ತುಸು ಹೆಚ್ಚು ಒತ್ತಿದರೆ ಚಕ್ರಗಳು ಬಿಗಿದು ಕಾರು ನೇರವಾಗಿ ಟ್ರ್ಯಾಕಿನ ಹೊರಗೆ ಜಾರುತ್ತದೆ.

ಸಾಮಾನ್ಯ ಪೆಡಲ್‌ಗಳು ಕಾಲು ಎಷ್ಟು ದೂರ ಚಲಿಸಿತು ಎಂಬುದನ್ನು ಅಳೆಯುತ್ತವೆ. ನಿಜವಾದ ಕಾರಿನ ಬ್ರೇಕ್ ಹಾಗಲ್ಲ. ಒಂದು ಹಂತದ ನಂತರ ಪೆಡಲ್ ಹೆಚ್ಚು ಚಲಿಸದು, ಒತ್ತಡವಷ್ಟೇ ಏರುತ್ತದೆ. 'ಲೋಡ್ ಸೆಲ್' ಎಂಬ ಸಂವೇದಕ ಉಳ್ಳ ಪೆಡಲ್ ಅಳೆಯುವುದು ಈ ಒತ್ತಡವನ್ನೇ. ಕಾಲು ಎಷ್ಟು ಸರಿಯಿತು ಎಂಬುದಕ್ಕಿಂತ ಎಷ್ಟು ಬಲ ಹಾಕಿತು ಎಂಬುದನ್ನು ಸ್ನಾಯುಗಳು ಚೆನ್ನಾಗಿ ನೆನಪಿಡುತ್ತವೆ. ಆದ್ದರಿಂದಲೇ ಚಕ್ರ ಬದಲಿಸುವ ಮೊದಲು ಬ್ರೇಕ್ ಬದಲಿಸಿ ಎಂದು ಅನುಭವಿ ಆಟಗಾರರು ಸಲಹೆ ನೀಡುವುದು.

ದೂರ ಅಳೆಯುವ ಪೆಡಲ್‌ಗಳಲ್ಲೂ ಎರಡು ಬಗೆ. 'ಪೊಟೆನ್ಷಿಯೋಮೀಟರ್' ಉಳ್ಳವುಗಳಲ್ಲಿ ಭಾಗಗಳು ಒಂದಕ್ಕೊಂದು ಉಜ್ಜುತ್ತವೆ; ಧೂಳು ಕೂತರೆ ಸಂಕೇತ ಜಿಗಿಯತೊಡಗುತ್ತದೆ. ಕಾಂತೀಯ 'ಹಾಲ್' ಸಂವೇದಕಗಳಲ್ಲಿ ಉಜ್ಜಾಟವಿಲ್ಲ, ಬಾಳಿಕೆ ಹೆಚ್ಚು. ಧೂಳಿನ ಊರುಗಳಲ್ಲಿ ಇದು ಗಮನಿಸತಕ್ಕ ಅಂಶ.

ಮೇಜು, ಕುರ್ಚಿ, ನೆಲ

ಎಷ್ಟೇ ಒಳ್ಳೆಯ ಪೆಡಲ್ ತಂದರೂ ಅದು ನೆಲದ ಮೇಲೆ ಜಾರಿದರೆ ಪ್ರಯೋಜನವಿಲ್ಲ. ಲಾಜಿಟೆಕ್ ಪೆಡಲ್‌ಗಳ ತಳದಲ್ಲಿ ರತ್ನಗಂಬಳಿಗೆ ಕಚ್ಚಿಕೊಳ್ಳುವ ಹಲ್ಲುಗಳಿವೆ. ನಮ್ಮ ಮನೆಗಳ ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಅವು ನಿರುಪಯೋಗಿ. ಪೆಡಲ್‌ಗಳನ್ನು ಗೋಡೆಗೆ ಆನಿಸಿಡುವುದು ಸುಲಭದ ಉಪಾಯ. ಗಾಲಿಯುಳ್ಳ ಕುರ್ಚಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದಕ್ಕೆ ಓಡುತ್ತದೆ. ಗಾಲಿ ಇಲ್ಲದ ಕುರ್ಚಿಯೇ ವಾಸಿ. ಮೇಜಿನ ಹಲಗೆಯ ದಪ್ಪ ಚಕ್ರದ ಹಿಡಿಕೆಗೆ ಹೊಂದುವುದೇ ಎಂದು ಅಳೆದು ನೋಡಬೇಕು. ಕೀಲಿಮಣೆ ಇಡಲು ಇರುವ ಜಾರುವ ಹಲಗೆಗೆ ಚಕ್ರ ಬಿಗಿಯುವುದು ಸಲ್ಲದು. ನೇರ ಚಾಲನೆಯ ಚಕ್ರಕ್ಕಂತೂ ಗಟ್ಟಿಯಾದ ಮೇಜು ಅಥವಾ ಪ್ರತ್ಯೇಕ ಚೌಕಟ್ಟು ಅನಿವಾರ್ಯ. ಅದರ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪ್ರತ್ಯೇಕ ಗೇರ್ ಕಡ್ಡಿ ಕೊಳ್ಳುವವರು ಅದನ್ನು ಮೇಜಿನ ಯಾವ ಬದಿಗಾದರೂ ಕಟ್ಟಬಹುದು. ಭಾರತದ ಕಾರುಗಳಲ್ಲಿ ಗೇರ್ ಎಡಗೈಗೆ ಇರುವುದರಿಂದ ಇಲ್ಲಿಯ ಚಾಲಕರಿಗೆ ಎಡಬದಿಯೇ ಸಹಜ. ಆದರೆ ಫಾರ್ಮುಲಾ ಅಥವಾ ಜಿಟಿ ಕಾರುಗಳನ್ನೇ ಓಡಿಸುವವರಿಗೆ ಚಕ್ರದ ಹಿಂದಿರುವ ಎರಡು ಪ್ಯಾಡಲ್‌ಗಳು ಸಾಕು. ಗೇರ್ ಕಡ್ಡಿಯ ಖರ್ಚು ಉಳಿಸಬಹುದು.

ಹಳೆಯ ಆಟ, ಹಳೆಯ ಚಕ್ರ

'ರಿಚರ್ಡ್ ಬರ್ನ್ಸ್ ರ‍್ಯಾಲಿ'ಯಂತಹ 2000ದ ದಶಕದ ಆಟಗಳನ್ನು ಇಂದಿಗೂ ಆಡುವವರಿದ್ದಾರೆ. ಕೆಲವು ಹಳೆಯ ಆಟಗಳು ಒಂದೇ ನಿಯಂತ್ರಕವನ್ನು ಗುರುತಿಸುತ್ತವೆ. ಅಂತಹವರು ಪೆಡಲ್‌ಗಳನ್ನು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸದೆ ಚಕ್ರದ ಮೂಲಕವೇ ಜೋಡಿಸುವುದು ಒಳಿತು. ಇನ್ನು ಕೆಲವು ಆಟಗಳಿಗೆ ಆಕ್ಸಿಲರೇಟರ್ ಮತ್ತು ಬ್ರೇಕ್ ಒಂದೇ ಅಕ್ಷದಲ್ಲಿ ಬೇಕು. ಚಕ್ರದ ತಂತ್ರಾಂಶದಲ್ಲಿ ಆ ಆಯ್ಕೆ ಇದೆಯೇ ಎಂದು ನೋಡಬೇಕು.

ಬಳಸಿದ ಚಕ್ರ ಕೊಳ್ಳುವಾಗ ಅದನ್ನು ಕಂಪ್ಯೂಟರ್‌ಗೆ ಜೋಡಿಸಿ ನೋಡದೆ ಹಣ ಕೊಡಬಾರದು. ವಿದ್ಯುತ್ ಬಂದೊಡನೆ ಚಕ್ರ ತಾನಾಗಿಯೇ ಎರಡೂ ಕಡೆಗೆ ತಿರುಗಿ ಮಧ್ಯಕ್ಕೆ ನಿಲ್ಲಬೇಕು. ಈ ವೇಳೆ ಮಕ್ಕಳ ಕೈ ಚಕ್ರದೊಳಗೆ ಇರದಂತೆ ನೋಡಿಕೊಳ್ಳುವುದು ಅಗತ್ಯ. ಕರೆಂಟು ಹೋಗಿ ಬಂದಾಗಲೂ ಇದೇ ನಡೆಯಬಹುದು. ಬಳಿಕ ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಪ್ರತಿ ಪೆಡಲನ್ನೂ ನಿಧಾನವಾಗಿ ಒತ್ತಿ ನೋಡಬೇಕು. ಪಟ್ಟಿ ಸರಾಗವಾಗಿ ಏರದೆ ಜಿಗಿದರೆ ಪೆಡಲ್ ಸವೆದಿದೆ ಎಂದರ್ಥ. ವಿದೇಶದಿಂದ ತರಿಸಿದ ಸಾಧನವಾದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿರಬೇಕು. ವಾರಂಟಿ ಭಾರತದಲ್ಲಿ ನಡೆಯುವುದೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಚಕ್ರದ ಮುಂದೆ ಕಳೆದ ಹೊತ್ತು ಬರೀ ಆಟವಾಗಿಯೇ ಮುಗಿಯಬೇಕೆಂದಿಲ್ಲ. ಅಮೆರಿಕದ ವಿಲಿಯಂ ಬೈರನ್ ಹದಿಹರೆಯದಲ್ಲಿ ಕಂಪ್ಯೂಟರ್ ಮುಂದೆ ಕುಳಿತು 'ಐರೇಸಿಂಗ್'ನಲ್ಲೇ ರೇಸಿಂಗ್ ಕಲಿತು, ನಂತರ ನಿಜವಾದ ಟ್ರ್ಯಾಕಿಗೆ ಇಳಿದವರು. ಅವರು 2024 ಮತ್ತು 2025ರಲ್ಲಿ ಸತತ ಎರಡು ಬಾರಿ ಡೇಟೋನಾ 500 ರೇಸ್ ಗೆದ್ದರು. ಎಲ್ಲರೂ ಅಲ್ಲಿಗೆ ತಲುಪುವುದಿಲ್ಲ. ಆದರೆ ಬ್ರೇಕನ್ನು ಅಳೆದು ಒತ್ತುವ, ಟೈರಿನ ಹಿಡಿತವನ್ನು ಕೈಯಲ್ಲೇ ಗ್ರಹಿಸುವ ಅಭ್ಯಾಸಕ್ಕೆ ಸರಿಯಾದ ಸಲಕರಣೆ ನೆರವಾಗುತ್ತದೆ.

ಕೊಳ್ಳುವ ಮುನ್ನ

* ಆಡುವ ಆಟಗಳ ಪಟ್ಟಿ ಮಾಡಿ, ಅವು ಆ ಚಕ್ರಕ್ಕೆ ಬೆಂಬಲ ನೀಡುತ್ತವೆಯೇ ಎಂದು ಪರಿಶೀಲಿಸಿ. ವೇಗದ ಮೋಜಿನ ಆಟಗಳಷ್ಟೇ ಆದರೆ ಗೇಮ್‌ಪ್ಯಾಡ್ ಸಾಕು.
* ಮೊದಲ ಖರೀದಿಗೆ ಫೋರ್ಸ್ ಫೀಡ್‌ಬ್ಯಾಕ್, 900 ಡಿಗ್ರಿ ತಿರುಗುವಿಕೆ ಇವೆರಡೂ ಇರಲಿ. ಜಿ29, ಜಿ920, ಟಿ248 ವರ್ಗದ ಚಕ್ರ ಆರಂಭಕ್ಕೆ ಧಾರಾಳ.
* ಪ್ಲೇಸ್ಟೇಷನ್ ಕೂಡ ಇದ್ದವರಿಗೆ ಜಿ29, ಎಕ್ಸ್‌ಬಾಕ್ಸ್ ಇದ್ದವರಿಗೆ ಜಿ920. ಕಂಪ್ಯೂಟರ್‌ನಲ್ಲಿ ಎರಡೂ ನಡೆಯುತ್ತವೆ.
* ಹಣ ಉಳಿದರೆ ಮೊದಲು ಮೇಜು, ಕುರ್ಚಿಯ ಭದ್ರತೆಗೆ. ಆಮೇಲೆ ಲೋಡ್ ಸೆಲ್ ಬ್ರೇಕ್‌ಗೆ. ಕೊನೆಯಲ್ಲಿ ನೇರ ಚಾಲನೆಯ ಚಕ್ರಕ್ಕೆ ವಿನಿಯೋಗಿಸಿ.
* ಸಾಧ್ಯವಿದ್ದರೆ ಅಂಗಡಿಯಲ್ಲೋ ಪರಿಚಿತರ ಮನೆಯಲ್ಲೋ ಅರ್ಧ ಗಂಟೆ ಓಡಿಸಿ ನೋಡಿದ ಮೇಲೆಯೇ ನಿರ್ಧರಿಸಿ.