ಆಟದ ರೈಲುಬೋಗಿಗೆ ನಿಜರೂಪ

ಅಲ್ಪವೆಚ್ಚದಲ್ಲಿ ಮನಸ್ಸಿಗೆ ಆನಂದವನ್ನೂ ಕೈಗೆ ಕೌಶಲವನ್ನೂ ಕೊಡುವ ಹವ್ಯಾಸಗಳಲ್ಲಿ ಮಾದರಿ ರೈಲುಗಳ ರಚನೆಯೂ ಒಂದು. ಇದು ಶ್ರೀಮಂತರ ವಿನೋದವೆಂದು ಹಲವರು ದೂರವಿಡುವರು. ಆದರೆ ಅಗ್ಗದ ಪ್ಲಾಸ್ಟಿಕ್ ಬೋಗಿಯನ್ನೂ ನೋಡುವವರು ಮೆಚ್ಚುವಂತೆ ಮಾಡಬಹುದು. ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ನೋಡುವ ಕಣ್ಣು.

ರೈಲು ನಿಲ್ದಾಣವಿಲ್ಲದ ಕೆರೆಬಿಳಚಿಯಂತಹ ಊರಿನವರು ದಾವಣಗೆರೆಗೋ ಭದ್ರಾವತಿಗೋ ಹೋಗಿ ರೈಲನ್ನು ಕಾಣಬೇಕು. ಅಲ್ಲಿಯೂ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಆದುದರಿಂದ ಏನನ್ನು ನೋಡಬೇಕೆಂಬುದನ್ನು ಮೊದಲೇ ಅರಿತಿರಬೇಕು.

ನಮಗೆ ಚಿರಪರಿಚಿತವಾದುದು ಮದರಾಸಿನ ಪೆರಂಬೂರು ಕಾರ್ಖಾನೆಯ ಬೋಗಿ. 1955ರಲ್ಲಿ ಆರಂಭವಾದ ಆ ಕಾರ್ಖಾನೆ ಸ್ವಿಟ್ಜರ್ಲೆಂಡಿನ ಮಾದರಿಯನ್ನು ಅನುಸರಿಸಿತು. ಬೋಗಿಯ ಉದ್ದ ಸುಮಾರು 21.3 ಮೀಟರು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 87ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ ಅದು 245 ಮಿಲಿಮೀಟರು ಆಗುತ್ತದೆ. ಅಗ್ಗದ ಆಟಿಕೆ ಇದಕ್ಕಿಂತ ಗಿಡ್ಡವಾಗಿದ್ದರೆ ಚಿಂತೆಯಿಲ್ಲ. ಉಳಿದ ವಿವರಗಳು ಸರಿಯಾಗಿದ್ದರೆ ಕಣ್ಣು ಅದನ್ನು ಮನ್ನಿಸುತ್ತದೆ.

ಮೊದಲು ತೂಕ. ಹಗುರವಾದ ಬೋಗಿ ತಿರುವಿನಲ್ಲಿ ಹಳಿ ತಪ್ಪುತ್ತದೆ. 245 ಮಿಲಿಮೀಟರಿನ ಬೋಗಿ ಸುಮಾರು 165 ಗ್ರಾಂ ತೂಗಬೇಕೆಂಬುದು ಅಮೆರಿಕೆಯ ಹವ್ಯಾಸಿಗಳ ಸಂಘದ ಲೆಕ್ಕ. ಕಬ್ಬಿಣದ ನಟ್ಟುಗಳನ್ನು ನೆಲದ ನಡುಭಾಗಕ್ಕೆ ಸಮನಾಗಿ ಅಂಟಿಸಿದರೆ ಸಾಕು.

ಎರಡನೆಯದು ಕಿಟಕಿ. ಬೋಗಿಗೆ ಜೀವ ಬರುವುದು ಇಲ್ಲಿಯೇ. ನಿಜವಾದ ಕಿಟಕಿಯ ಕಂಬಿ ಈ ಅಳತೆಯಲ್ಲಿ ಹೆಚ್ಚುಕಡಿಮೆ ಕೂದಲಿನಷ್ಟು ತೆಳುವಾಗುತ್ತದೆ. ತಂತಿ ಅಂಟಿಸಿದರೆ ಬೋಗಿ ಸೆರೆಮನೆಯಂತೆ ಕಾಣುವುದು. ಮಿಠಾಯಿ ಪೆಟ್ಟಿಗೆಯ ಪಾರದರ್ಶಕ ಹಾಳೆಯ ಮೇಲೆ ಸಣ್ಣ ಮೊನೆಯ ಲೇಖನಿಯಿಂದ ಅಡ್ಡಗೆರೆ ಎಳೆದು ಒಳಗಿನಿಂದ ಅಂಟಿಸುವುದು ಲೇಸು. ತುರ್ತು ಕಿಟಕಿಗೆ ಕಂಬಿಗಳಿಲ್ಲವೆಂಬುದು ನೆನಪಿರಲಿ. ಎರಡು ತುದಿಗಳ ಶೌಚಗೃಹಗಳ ಗಾಜು ಮಸುಕು. ಹಾಳೆಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಅದೂ ಸಿದ್ಧ. ಎಲ್ಲ ಕಿಟಕಿಗಳನ್ನೂ ಒಂದೇ ರೀತಿ ಇಡಬಾರದು. ಕೆಲವನ್ನು ಮುಚ್ಚಿ, ಕೆಲವನ್ನು ಅರ್ಧ ತೆರೆದಿಡಬೇಕು. ಬಿಸಿಲಿನ ಕಡೆ ಕುಳಿತವರು ಮಾಡುವುದು ಅದನ್ನೇ ಅಲ್ಲವೆ?

ಇನ್ನುಳಿದವು ಸುಲಭ. ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆಯಿಂದ ಬಾಗಿಲ ಹಿಡಿಕೆಗಳನ್ನು ಬಾಗಿಸಬಹುದು. ಬಣ್ಣ ಕಾಲಕ್ಕೆ ತಕ್ಕಂತಿರಬೇಕು: ಮೊದಲು ಇಟ್ಟಿಗೆಗೆಂಪು, 1990ರ ದಶಕದಿಂದ ನೀಲಿ. ಕಾಯ್ದಿರಿಸದ ಬೋಗಿಯ ತುದಿಯಲ್ಲಿ ಓರೆಯಾದ ಹಳದಿ ಪಟ್ಟೆಗಳುಂಟು. ಬೋಗಿಯ ಸಂಖ್ಯೆಯ ಮೊದಲ ಎರಡು ಅಂಕಿಗಳು ಅದನ್ನು ಕಟ್ಟಿದ ವರ್ಷವನ್ನು ಹೇಳುತ್ತವೆ. ಕೊನೆಗೆ ಚಕ್ರಗಳಿಗೆ ಕಂದು, ಛಾವಣಿಗೆ ಬೂದು ಬಣ್ಣವನ್ನು ತೆಳುವಾಗಿ ಸವರಿದರೆ ಆಟಿಕೆಯ ಹೊಳಪು ಅಡಗುತ್ತದೆ.

ರಟ್ಟಿನ ಆಸನಗಳನ್ನು ಮಾಡಿ ಕೆಲವು ಪ್ರಯಾಣಿಕರನ್ನು ಕೂರಿಸುವುದನ್ನು ಮರೆಯಬಾರದು. ಜನರಿಲ್ಲದ ಎರಡನೆಯ ದರ್ಜೆಯ ಬೋಗಿಯನ್ನು ಯಾರು ತಾನೆ ನಂಬುವರು?

ಇಷ್ಟು ಶ್ರಮವೇಕೆಂದು ಕೇಳಬಹುದು. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಬೋಗಿಯನ್ನು ಜೋಪಾನವಾಗಿ ಕಾಪಾಡಿದ್ದಾರೆ, ಅದು ಯೋಗ್ಯವೇ. ಪೆರಂಬೂರಿನಲ್ಲಿ ಹಳೆಯ ಮಾದರಿಯ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು. ನಮ್ಮ ಹಿರಿಯರು ಕೂಲಿಗೂ ಮದುವೆಗೂ ಆಸ್ಪತ್ರೆಗೂ ಪಯಣಿಸಿದ್ದು ಆ ಕಂಬಿ ಕಿಟಕಿಗಳ ಬಳಿಯಲ್ಲಿಯೇ ಕುಳಿತು. ಅಂತಹ ಸಾಮಾನ್ಯ ಬೋಗಿಯೊಂದನ್ನು ಮೇಜಿನ ಮೇಲಾದರೂ ಯಥಾವತ್ತಾಗಿ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.